ಹಾಯಿಕಂಬದ ಬುಡದ ಒಂದು ಗೇಣು

ಹೋದ ಬೇಸಿಗೆ ರಜೆಯಲ್ಲಿ ನೀವಿಬ್ಬರೂ ಗೌರಿಬಿದನೂರಿನಿಂದ ಬಂದಿದ್ದಾಗ ಹಿತ್ತಲ ತಗಡಿನ ಶೆಡ್ಡಿನಲ್ಲಿರುವ ಎರಡು ಗಿಡ್ಡ ಮರದ ಸ್ಟ್ಯಾಂಡುಗಳ ಮೇಲೆ ಕೂತು ಕುದುರೆ ಸವಾರಿ ಆಡುತ್ತಿದ್ದಿರಿ. ಅವುಗಳ ನೆತ್ತಿಯಲ್ಲಿ ಒಂದೊಂದು ಬಟ್ಟಲಿನಂಥ ಕಚ್ಚು ಇದೆ. ಇದರಲ್ಲಿ ಏನಿಡುತ್ತಿದ್ದರು ಅಂತ ಕೇಳಿದಿರಿ. ಒಂದು ಕಂಬ ಇತ್ತು ಅಂತ ಹೇಳಿ ನಾನು ಒಳಗೆ ಹೋಗಿಬಿಟ್ಟೆ. ಅಜ್ಜಿಗೆ ಸಿಟ್ಟು ಬಂತು ಅಂತ ನೀವು ನಿಮ್ಮಮ್ಮನಿಗೆ ಹೇಳಿದ್ದು ಕೇಳಿಸಿತು. ಸಿಟ್ಟಲ್ಲ. ನನಗೆ ಬಾಯಲ್ಲಿ ಮಾತು ಬರುವುದು ಕಡಿಮೆ. ನಿಮ್ಮಮ್ಮ ಚಿಕ್ಕವಳಿದ್ದಾಗ ಶಾಲೆಯಿಂದ ಕರೆ ಬಂದರೆ ನಾನು ಗೇಟಿನ ಹೊರಗೇ ನಿಂತು ಬಂದವಳು. ಆದರೆ ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ, ಅಕ್ಷರ ದುಂಡಗಿದೆ ಅಂತ ಮೇಷ್ಟ್ರು ಹೇಳುತ್ತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಅಲ್ಲಿ ಇದ್ದದ್ದು ದೋಣಿಯ ಹಾಯಿಕಂಬ. ನಮ್ಮ ಸಾದಲಿ ಕಡೆಗೂ ದೋಣಿಗೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ನಿಮ್ಮ ತಾತನಿಗೂ ಹಾಗೇ ಅನ್ನಿಸಿತ್ತು.

ತಾತ ಶಿಡ್ಲಘಟ್ಟದ ರೀಲರುಗಳಿಗೆ ರೇಷ್ಮೆ ನೂಲು ತೆಗೆಯುವ ಮರದ ಚರಕ ಮಾಡಿಕೊಡುತ್ತಿದ್ದರು. ಚರಕಕ್ಕೆ ಬೇಕಾದ ಕಡ್ಡಿ, ಉರುಳೆಗಳನ್ನೆಲ್ಲ ಕಡಚಲಿನಲ್ಲಿ ದುಂಡಗೆ ಕಡೆಯಬೇಕು. ಮರದ ತುಂಡನ್ನು ಎರಡು ಮೊಳೆಗಳ ನಡುವೆ ಸಿಕ್ಕಿಸಿ, ಅದಕ್ಕೆ ಚರ್ಮದ ಪಟ್ಟಿ ಸುತ್ತಿ ಒಬ್ಬರು ಹಿಂದೆ ಮುಂದೆ ಎಳೆಯುತ್ತಾರೆ, ಇನ್ನೊಬ್ಬರು ಉಳಿ ಹಿಡಿಯುತ್ತಾರೆ. ಎಳೆಯುವವಳು ನಾನು. ನಲವತ್ತು ವರ್ಷ ನಾವು ಎದುರುಬದುರು ಕೂತು ಆ ಕೆಲಸ ಮಾಡಿದೆವು. ಮಾತು ಬೇಕಾಗುತ್ತಿರಲಿಲ್ಲ. ಅವರು ಗಲ್ಲ ಎತ್ತಿದರೆ ಜೋರಾಗಿ ಎಳೆಯಬೇಕು, ಕಣ್ಣು ಮುಚ್ಚಿ ತೆರೆದರೆ ನಿಲ್ಲಿಸಬೇಕು.

ಆದರೆ ನಾನು ಉಳಿ ಮುಟ್ಟಿದವಳಲ್ಲ. ನಮ್ಮ ಮನೆಯಲ್ಲಿ ಹೆಂಗಸರು ಪಟ್ಟಿ ಎಳೆಯಬಹುದು, ಗೆರೆ ಹೊಡೆಯುವಾಗ ನೂಲಿನ ತುದಿ ಹಿಡಿಯಬಹುದು, ಉಪ್ಪುಕಾಗದ ಹಾಕಿ ಉಜ್ಜಬಹುದು, ಎಣ್ಣೆ ಹಚ್ಚಬಹುದು. ಅಂಚು ಇರುವ ಹತಾರ ಮಾತ್ರ ಗಂಡಸರದು. ಮದುವೆಯಾಗಿ ಬಂದ ತಿಂಗಳಲ್ಲೇ ನಮ್ಮತ್ತೆ ಪಟ್ಟಿಯನ್ನು ಕೈಗೆ ಕೊಡುತ್ತಾ ಇದನ್ನು ಹೇಳಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ.

ಆಮೇಲೆ ಮೆಷಿನ್ನುಗಳು ಬಂದವು, ಮರದ ಚರಕ ಕೇಳುವವರು ಕಡಿಮೆಯಾದರು. ತಾತ ಬಾಗಿಲು, ಕಿಟಕಿ, ಮಂಚ ಅಂತ ಸಿಕ್ಕಿದ ಕೆಲಸ ಮಾಡುತ್ತಿದ್ದರು. ಅಂಥ ದಿನಗಳಲ್ಲಿ ಊರ ಕೆರೆಗೆ ನೀರು ಬಂತು. ನಾನು ಬಂದಾಗಿನಿಂದ ಅದರಲ್ಲಿ ಜಾಲಿ ಗಿಡ ಬೆಳೆದದ್ದನ್ನೇ ಹೆಚ್ಚು ನೋಡಿದ್ದೆ. ಈಗ ಏರಿಯ ಮೇಲೆ ನಿಂತರೆ ಆಚೆ ದಡದ ದನಗಳು ಇರುವೆಯಷ್ಟು ಕಾಣುತ್ತಿದ್ದವು.

ನೀರು ಬಂದ ಮರು ವರ್ಷ ಒಬ್ಬರು ಮನೆ ಹುಡುಕಿಕೊಂಡು ಬಂದರು. ಚಿಂತಾಮಣಿ ಕಡೆಯವರು, ತುಂಬ ವರ್ಷ ಹಡಗಿನಲ್ಲಿ ಮೆಕ್ಯಾನಿಕ್ಕಾಗಿ ಇದ್ದು ವಯಸ್ಸಾಗಿ ಬಂದು ಕೆರೆಯ ಪಕ್ಕದಲ್ಲೇ ಮನೆ ಮಾಡಿದ್ದರು. ಊರಿನವರು ಅವರನ್ನು ಹಡಗಿನವರು ಅನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಹಲಗೆಗಳಿಂದ ಇಬ್ಬರು ಕೂರುವಂಥ ಸಣ್ಣ ದೋಣಿಯನ್ನು ಅವರೇ ಕಟ್ಟಿದ್ದರು. ಅದಕ್ಕೆ ಹನ್ನೆರಡು ಅಡಿಯ ಕಂಬ ಬೇಕು, ಹಾಯಿ ಕಟ್ಟಲು ಒಂದು ಅಡ್ಡಮರ ಬೇಕು, ಆ ಅಡ್ಡಮರ ಕಂಬಕ್ಕೆ ಒರಗಿ ಸಲೀಸಾಗಿ ಹತ್ತಿ ಇಳಿಯಲು ಹಗ್ಗದಲ್ಲಿ ಪೋಣಿಸುವ ಮರದ ಮಣಿಗಳು ಬೇಕು. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ತೋರಿಸಿದರು. ನಾನು ಬಾಗಿಲ ಹಿಂದೆ ನಿಂತು ನೋಡಿದೆ. ತಾತ ಸಮುದ್ರ ಕಂಡವರಲ್ಲ. ಚಿತ್ರವನ್ನು ಸುಮಾರು ಹೊತ್ತು ನೋಡಿ, ದೋಣಿಗೂ ಗಾಡಿಯ ಹಾಗೆ ಮೂಕಿ ಇರುತ್ತೆ, ಆದರೆ ನಿಂತುಕೊಂಡಿರುತ್ತೆ, ಅಷ್ಟೇ ತಾನೇ ಅಂದರು. ಹಡಗಿನವರು ನಕ್ಕು, ಹಾಗೇ ಅಂದುಕೊಳ್ಳಿ ಅಂದರು.

ಹಾಗೆ ಅಂದುಕೊಂಡಿದ್ದೇ ತಪ್ಪಾಯಿತು. ಗಾಡಿಯ ನೊಗ ಕಟ್ಟುವ ಉದ್ದನೆಯ ಮೂಕಿಗೆ ಅಂತ ನಮ್ಮ ಮಾವನವರು ಎತ್ತಿಟ್ಟಿದ್ದ ಒಂದು ಮತ್ತಿ ಮರ ಅಟ್ಟದಲ್ಲಿ ಮೂವತ್ತು ವರ್ಷದಿಂದ ಇತ್ತು. ಒಳ್ಳೆಯ ಕೆಲಸ ಬಂದಾಗ ಬಳಸಬೇಕು ಅಂತ ತಾತ ಅದನ್ನು ಯಾರಿಗೂ ಕೊಟ್ಟಿರಲಿಲ್ಲ. ನಮ್ಮವರಿಗೆ ಒಳ್ಳೆಯ ಮರ ಅಂದರೆ ಗಟ್ಟಿ ಮರ, ಭಾರದ ಮರ. ಆ ಮತ್ತಿಯನ್ನು ಇಳಿಸಿ, ಕಬ್ಬಿಣದಂಥ ಕಂಬ ಮಾಡಿ, ನುಣುಪು ಬರಿಸಿ ಕೊಟ್ಟರು. ಅಡ್ಡಮರವನ್ನೂ ಮಾಡಿದರು. ಒಂಬತ್ತು ಮಣಿಗಳನ್ನು ನಾವಿಬ್ಬರೂ ಕಡಚಲಿನಲ್ಲಿ ಕಡೆದೆವು. ಎಷ್ಟೋ ದಿನದ ಮೇಲೆ ಪಟ್ಟಿ ಎಳೆದು ನನಗೆ ತೋಳು ನೋವು ಬಂತು.

ಎಂಟು ದಿನದ ಮೇಲೆ ಹಡಗಿನವರು ಮತ್ತೆ ಬಂದು ಜಗಲಿಯ ಮೇಲೆ ಕೂತು ಮೊದಲು ನೀರು ಕೇಳಿದರು.

"ಯಜಮಾನ್ರೇ, ನಿಮ್ಮ ಕಂಬ ಭಲೇ ಗಟ್ಟಿ. ದೋಣಿ ಮಗುಚಿಕೊಂಡ್ರೂ ಅದು ಮುರೀಲಿಲ್ಲ."

ತಾತನಿಗೆ ಅರ್ಥವಾಗಲಿಲ್ಲ. ಹಡಗಿನವರು ತಮ್ಮ ಮುಂಗೈಯನ್ನೇ ಕಂಬ ಮಾಡಿ ತೋರಿಸಿದರು. "ಗಾಳಿ ಬಂದ್ರೆ ದೋಣಿ ವಾಲಬೇಕಪ್ಪ, ಮತ್ತೆ ಏಳಬೇಕು. ಮೇಲೆ ಅಷ್ಟು ಭಾರ ಇಟ್ರೆ ವಾಲಿದ್ದು ಏಳೋದೇ ಇಲ್ಲ. ನಾನು ಈಜು ಬರೋನು, ಬದುಕ್ದೆ."

ಅವರು ತಮಾಷೆಯಾಗಿಯೇ ಹೇಳಿದರು. ದೋಣಿಯ ತಳದಲ್ಲಿ ಕಂಬದ ಬುಡ ಕೂರುವ ಕುಳಿಯ ಹಲಗೆ ಸೀಳಿತ್ತು, ಎರಡು ಮಣಿ ನೀರಿನ ಪಾಲಾಗಿದ್ದವು, ಅಷ್ಟೇ ನಷ್ಟ. ಆದರೆ ತಾತ ಆವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ತಮ್ಮ ಅಪ್ಪನ ಮರ, ತಮ್ಮ ಕೈಕೆಲಸ, ಎರಡರಲ್ಲೂ ಕುಂದಿರಲಿಲ್ಲ. ಕುಂದಿಲ್ಲದ ಕೆಲಸ ಒಬ್ಬ ಮನುಷ್ಯನನ್ನು ಮುಳುಗಿಸಹೋಗಿತ್ತು. ಮಾರನೆಯ ದಿನ ಬೆಳಿಗ್ಗೆ ಕೆರೆಗೆ ಹೋಗಿ ದೋಣಿಯ ಪಕ್ಕ ಕೂತು ಬಂದರು. ಬಂದವರು ಕಾಫಿ ಕುಡಿಯುತ್ತಾ, "ಹಪ್ಪಳದ ಮರಾನೇ ತರ್ತೀನಿ ಕಣೇ," ಅಂದರು.

ಹಪ್ಪಳದ ಮರ ಅಂದರೆ ಹೆಬ್ಬೇವು. ಪ್ಲೈವುಡ್ಡಿಗೆ ಅಂತ ಈ ಕಡೆ ಎಲ್ಲರೂ ಬೆಳೆಯುತ್ತಾರಲ್ಲ, ನೆಟ್ಟಗೆ ಸರಸರ ಬೆಳೆಯುವ ಹಗುರ ಮರ. ಅದನ್ನು ಮರ ಅಂತಲೇ ತಾತ ಒಪ್ಪುತ್ತಿರಲಿಲ್ಲ. ಪೆರೇಸಂದ್ರದಲ್ಲಿ ಪರಿಚಯದವರೊಬ್ಬರ ಹೊಲದಲ್ಲಿ ಅರ್ಧ ದಿನ ಸುತ್ತಿ, ಗಂಟಿಲ್ಲದ್ದನ್ನು ಆರಿಸಿ, ಗೂಡ್ಸ್ ಆಟೋದಲ್ಲಿ ತಂದರು. ಹೊರಗೆ ಚಾಚಿದ ತುದಿಗೆ ನನ್ನ ಹಳೆಯ ಕೆಂಪು ಕುಪ್ಪಸದ ಚೂರು ಕಟ್ಟಿದ್ದರು. ಬೇರಿನ ಕಡೆಯ ತುದಿಗೆ ಕೆಮ್ಮಣ್ಣಿನ ಬೊಟ್ಟು ಇಟ್ಟರು. ಮರ ನೆಲದಲ್ಲಿ ಹೇಗೆ ನಿಂತಿತ್ತೋ ಕಂಬವಾದ ಮೇಲೂ ಹಾಗೇ ನಿಲ್ಲಬೇಕು, ಬುಡ ಮೇಲಾಗಬಾರದು. ಅದನ್ನು ನೆರಳಿನಲ್ಲಿ ಒಣಗಲು ಬಿಟ್ಟು, ದಿನಕ್ಕೊಮ್ಮೆ ಮಗ್ಗುಲು ಬದಲಿಸುತ್ತಿದ್ದರು. ಮನೆಯಲ್ಲಿ ಬಾಣಂತಿ ಇದ್ದಾಳೇನೋ ಅನ್ನುವ ಹಾಗೆ ನೋಡಿಕೊಂಡರು. ಬೈಯುತ್ತಲೇ ನೋಡಿಕೊಂಡರು ಅನ್ನಿ.

ಒಣಗಿದ ಮೇಲೆ ಕೆಲಸ ಶುರುವಾಯಿತು. ಮೊದಲು ಮರವನ್ನು ನಾಲ್ಕು ಮುಖ ಮಾಡಬೇಕು, ಮೂಲೆಗಳನ್ನು ಅಡ್ಡ ಅಲಗಿನ ಬಾಚಿಯಲ್ಲಿ ಕೆತ್ತಿ ಎಂಟು ಮುಖ, ಆಮೇಲೆ ಮರವನ್ನು ತೆಳ್ಳಗೆ ಕೀಸುವ ತೋಪಡ ಹೊಡೆದು ಹದಿನಾರು, ಕೊನೆಗೆ ದುಂಡಗೆ. ಎಲ್ಲಿಯವರೆಗೆ ಕೆತ್ತಬೇಕು ಅಂತ ಗೆರೆ ಹೊಡೆಯಲು ತಾತ ರೇಷ್ಮೆ ನೂಲನ್ನೇ ಬಳಸುತ್ತಿದ್ದರು. ಇದ್ದಿಲ ನೀರಿನಲ್ಲಿ ಅದ್ದಿ, ಒಂದು ತುದಿ ನಾನು ಹಿಡಿದು, ಇನ್ನೊಂದು ತುದಿ ಅವರು ಹಿಡಿದು, ನಡುವೆ ಎತ್ತಿ ಬಿಟ್ಟರೆ ಕೂದಲಿನಷ್ಟು ಸಣ್ಣ ಗೆರೆ ಬೀಳುತ್ತಿತ್ತು.

ಬುಡದ ಒಂದು ಗೇಣನ್ನು ಕುಳಿಯಲ್ಲಿ ಕೂರಲಿ ಅಂತ ಚೌಕವಾಗಿಯೇ ಬಾಚಿಯಲ್ಲಿ ಕೆತ್ತಿಟ್ಟರು. ಅಲ್ಲಿಂದ ಮೇಲಕ್ಕೆ ಎಂಟು ಮುಖ ತೆಗೆಯುತ್ತಾ ಹೋದರು. ತುದಿಯ ನಾಲ್ಕಡಿ ಉಳಿದಿತ್ತು. ಗೆರೆ ಹೊಡೆದಾಗಿತ್ತು. "ಊಟ ಮಾಡಿ ಬಂದು ತುದಿ ಮುಗಿಸ್ತೀನಿ, ನೂಲು ಅಲ್ಲೇ ಬಿಡು," ಅಂದರು. ಊಟ ಮಾಡಿ ಜಗಲಿಯ ಮೇಲೆ ಮಲಗಿದರು. ನಾನು ಪಾತ್ರೆ ತೊಳೆದು ಬಂದು ಎಬ್ಬಿಸಿದೆ. ಏಳಲಿಲ್ಲ.

ಮುಂದಿನದು ನಿಮ್ಮಮ್ಮನಿಗೆ ಗೊತ್ತು. ನೀವೂ ಬಂದಿದ್ದಿರಿ, ಚಿಕ್ಕವರು.

ಎಲ್ಲರೂ ಹೋದ ಮೇಲೆ ನಾನು ಮಧ್ಯಾಹ್ನದ ಹೊತ್ತು ಶೆಡ್ಡಿಗೆ ಹೋಗಿ ಕಂಬದ ಪಕ್ಕ ಕೂರುತ್ತಿದ್ದೆ. ಬೇರೆ ಎಲ್ಲಿ ಕೂರಬೇಕೋ ತಿಳಿಯುತ್ತಿರಲಿಲ್ಲ. ಹಿಪ್ಪುನೇರಳೆ ಎಲೆಯನ್ನು ರೇಷ್ಮೆ ಹುಳು ಅಂಚಿನಿಂದ ಮೇಯ್ದುಕೊಂಡು ಹೋಗಿರುತ್ತದಲ್ಲ, ಬಾಚಿಯ ಏಟುಗಳು ಮರದ ಮೇಲೆ ಹಾಗೆ ಸಾಲಾಗಿ ಬಿದ್ದಿದ್ದವು. ತಾತನ ಬಾಚಿಗೆ ಎಡಗಡೆ ಸಣ್ಣದೊಂದು ಮುಕ್ಕು ಇತ್ತು. ಯಾವುದೋ ಹಳೆಯ ತೊಲೆಯಲ್ಲಿ ಮೊಳೆಗೆ ತಗುಲಿ ಆದದ್ದು. ಅದರಿಂದ ಒಂದೊಂದು ಏಟಿನ ಗುರುತಿನಲ್ಲೂ ಎಡಕ್ಕೆ ಒಂದು ನೂಲಿನಂಥ ಏಣು ಉಳಿಯುತ್ತಿತ್ತು. ಬೆರಳಾಡಿಸಿದರೆ ಗೊತ್ತಾಗುತ್ತದೆ. ಅವರು ಮಾಡಿದ ಬೇರೆ ಯಾವ ಸಾಮಾನಿನಲ್ಲೂ ಆ ಗುರುತಿಲ್ಲ. ಬಾಗಿಲು, ಮಂಚ, ಚರಕ ಎಲ್ಲವನ್ನೂ ಅವರೇ ಕೊನೆಗೆ ಉಜ್ಜಿ ಅಳಿಸಿರುತ್ತಿದ್ದರು. ನುಣುಪಾದ ಮರ ಯಾರು ಮಾಡಿದ್ದರೂ ಒಂದೇ ಥರ ಇರುತ್ತದೆ. ಇದೊಂದರಲ್ಲಿ ಅವರ ಕೈ ಏಟು ಏಟಾಗಿ ಹಾಗೇ ಉಳಿದಿತ್ತು.

ನಿಮ್ಮ ತಾತನ ತಮ್ಮ ಒಂದು ದಿನ ಬಂದು ಅದನ್ನು ಕಾಲಲ್ಲಿ ತಟ್ಟಿ ನೋಡಿ, "ಅತ್ತಿಗೆ, ಇದ್ಯಾಕೆ ಮಲಗಿಸ್ಕೊಂಡಿದ್ದೀರ? ಕೊಡಿ, ಟೊಮೆಟೊ ತೋಟಕ್ಕೆ ಮೂಲೆ ಕಂಬ ಆಗುತ್ತೆ," ಅಂದ. ಕೆಟ್ಟ ಮನಸ್ಸಿನವನಲ್ಲ, ವಸ್ತು ಸುಮ್ಮನೆ ಬಿದ್ದಿರುವುದನ್ನು ನೋಡಲಾರ. ನಾನು ಏನೂ ಹೇಳಲಿಲ್ಲ. ಹೇಳದಿದ್ದರೆ ಒಪ್ಪಿದ ಹಾಗೆ ಅಂದುಕೊಳ್ಳುವವರೇ ಹೆಚ್ಚು. ಅದು ನನಗೆ ಮೊದಲಿನಿಂದ ಗೊತ್ತಿದ್ದರೂ ಬಾಯಲ್ಲಿ ಮಾತು ಬರುವುದಿಲ್ಲ.

ಯುಗಾದಿ ಕಳೆದು ಹಡಗಿನವರು ಬಂದರು. ಜಗಲಿ ಹತ್ತದೆ ಅಂಗಳದಲ್ಲೇ ನಿಂತರು. ನಾನು ಅಭ್ಯಾಸದಂತೆ ಬಾಗಿಲ ಹಿಂದೆ ನಿಂತೆ. ಆದರೆ ಮುಂದೆ ನಿಂತು ಮಾತಾಡುವವರು ಯಾರೂ ಇರಲಿಲ್ಲ.

"ಅಮ್ಮ, ನೀವೇನೂ ಮನಸ್ಸಿಗೆ ಹಚ್ಕೋಬೇಡಿ. ಆಷಾಢದ ಗಾಳಿಗೆ ಒಂದ್ಸಲ ಹಾಯಿ ಬಿಡಣ ಅಂತ ಆಸೆ. ಚಿಂತಾಮಣಿಲಿ ಅಲ್ಯೂಮಿನಿಯಂ ಪೈಪು ಸಿಗುತ್ತೆ, ಅದನ್ನೇ ಹಾಕ್ಕೋತೀನಿ."

"ಪೈಪು ಬೇಡ," ಅಂದೆ.

ಮನೆಗೆ ಕೆಲಸ ಕೊಡಲು ಬಂದವರೊಡನೆ ನಾನು ಆಡಿದ ಮೊದಲ ಮಾತು ಅದು. ಅವರು ಬಾಗಿಲಿನ ಕಡೆ ನೋಡಿ, ಸರಿಯಮ್ಮ, ಕಾಯ್ತೀನಿ ಅಂದು ಹೋದರು. ಕಂಬವನ್ನು ಮುಗಿಸಿದರೆ ಆ ಗುರುತುಗಳು ಹೋಗುತ್ತವೆ. ಮುಗಿಸದಿದ್ದರೆ, ಮುಳುಗಿಸಿದ ಕಂಬವೇ ತಾತ ಮಾಡಿದ ಕೊನೆಯ ಕೆಲಸವಾಗಿ ಉಳಿಯುತ್ತದೆ, ಇದು ಟೊಮೆಟೊ ತೋಟಕ್ಕೆ ಹೋಗುತ್ತದೆ. ಬೇರೆ ಬಡಗಿಯನ್ನು ಕರೆಸಬಹುದಿತ್ತು. ಅವನು ಅರ್ಧ ದಿನದಲ್ಲಿ ಎಲ್ಲ ಕಿತ್ತು ಬಿಸಾಡಿ ನುಣ್ಣಗೆ ಮಾಡಿ ಹೋಗುತ್ತಿದ್ದ. ಹೋಗಬೇಕಾದದ್ದು ನನ್ನ ಕೈಯಿಂದಲೇ ನಿಧಾನವಾಗಿ ಹೋಗಲಿ ಅನ್ನಿಸಿತು.

ಒಂದು ಸೋಮವಾರ ತಲೆಗೆ ಸ್ನಾನ ಮಾಡಿ ಹತಾರದ ಪೆಟ್ಟಿಗೆ ತೆಗೆದೆ. ನಮ್ಮತ್ತೆ ಎಲ್ಲಿಂದಲೋ ನೋಡುತ್ತಿದ್ದಾರೆ ಅನ್ನಿಸಿ ಸುಮಾರು ಹೊತ್ತು ತೋಪಡ ಮುಟ್ಟಲಿಲ್ಲ. ಆಮೇಲೆ ಮುಟ್ಟಿದೆ. ನಲವತ್ತು ವರ್ಷ ಎದುರಿಗೆ ಕೂತು ನೋಡಿದವಳಿಗೆ ಹೇಗೆ ಹಿಡಿಯಬೇಕು ಅನ್ನುವುದು ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಮೊದಲ ದಿನ ಮರ ಕಿತ್ತುಕೊಂಡು ಬಂತು. ಎರಡನೆಯ ದಿನ ತಿರುಗಿಸಿ, ನಾರು ಹೋಗುವ ಕಡೆಗೆ ತಳ್ಳಿದೆ. ಹಪ್ಪಳದ ಮರ ಹಪ್ಪಳದ ಹಾಗೇ ಸುರುಳಿ ಬಂತು. ತಾತನಿಗೆ ಹೇಳಬೇಕು ಅನ್ನಿಸಿ ತಲೆ ಎತ್ತಿದೆ.

ತುದಿಯ ನಾಲ್ಕಡಿಗೆ ಅವರು ಹೊಡೆದ ಗೆರೆಗಳು ಒರಸಿ ಹೋಗಿದ್ದವು. ನೂಲಿನ ಒಂದು ಕೊನೆಯನ್ನು ಮೊಳೆಗೆ ಕಟ್ಟಿ, ಇನ್ನೊಂದನ್ನು ನಾನು ಹಿಡಿದು ಗೆರೆ ಹೊಡೆದೆ. ಗೆರೆ ಸರಿಯಾಗಿಯೇ ಬಿತ್ತು. ಆವತ್ತು ಮಾತ್ರ ಕೆಲಸ ಮುಂದುವರಿಸಲಾಗಲಿಲ್ಲ, ಬಾಗಿಲು ಹಾಕಿಕೊಂಡು ಬಂದೆ.

ಎರಡು ತಿಂಗಳು ಹಿಡಿಯಿತು. ತುದಿಗೂ ಎಂಟು ಮುಖ ಬಂದು, ಎಂಟು ಹದಿನಾರಾಯಿತು. ಆಮೇಲೆ ಗಾಜಿನ ಚೂರಿನಿಂದ ಹೆರೆದು, ಉಪ್ಪುಕಾಗದ ಹಾಕಿ, ಕಣ್ಣು ಮುಚ್ಚಿ ಎರಡೂ ಅಂಗೈಗಳಲ್ಲಿ ಸುತ್ತಲೂ ಸವರಿ ಎಲ್ಲಿ ಉಬ್ಬಿದೆ ಅಂತ ನೋಡುತ್ತಿದ್ದೆ. ದಿನಕ್ಕೆ ಒಂದು ಮೊಳದಷ್ಟು ಗುರುತು ಹೋಗುತ್ತಿತ್ತು. ಸಿಪ್ಪೆಯನ್ನು ಒಲೆಗೆ ಹಾಕಲು ಮನಸ್ಸಾಗದೆ ಚೀಲಕ್ಕೆ ತುಂಬಿದೆ. ಮಳೆಗಾಲದಲ್ಲಿ ಅದಕ್ಕೆ ಗೆದ್ದಲು ಹತ್ತಿತು, ಆಗ ಹಾಕಿದೆ. ಕಳೆದುಹೋದ ಎರಡು ಮಣಿಗಳನ್ನು ಕಡೆಯಲು ಎದುರಿಗೆ ಇನ್ನೊಬ್ಬರು ಬೇಕಾಗಿತ್ತು. ಹಳೆಯ ಚರಕದ ಉರುಳೆಯೊಂದನ್ನು ಗರಗಸದಲ್ಲಿ ಎರಡು ತುಂಡು ಮಾಡಿ ಉಜ್ಜಿ ಪೋಣಿಸಿದೆ. ಉಳಿದ ಏಳಕ್ಕೆ ಅವು ಹೊಂದಿಕೆಯಾಗಲಿಲ್ಲ. ಆದರೂ ಹಗ್ಗದ ಮೇಲೆ ಉರುಳುತ್ತಿದ್ದವು.

ಬುಡದ ಗೇಣಿಗೆ ಬಂದಾಗ ನಿಲ್ಲಿಸಿದೆ. ಅದು ದುಂಡಗಾಗಬೇಕಾಗಿರಲಿಲ್ಲ. ದೋಣಿಯ ತಳದ ಕುಳಿಯೊಳಗೆ ಹೋಗುವ ಭಾಗ, ಯಾರಿಗೂ ಕಾಣುವುದಿಲ್ಲ. ನಾಲ್ಕು ಮುಖದಲ್ಲೂ ಏಟಿನ ಗುರುತುಗಳು, ಎಡಕ್ಕೆ ನೂಲಿನಂಥ ಏಣು. ಅದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಮೂರು ಸಲ ಅಗಸೆಬೀಜದ ಎಣ್ಣೆ ಹಚ್ಚಿದೆ. ಈ ಒಂದು ಗೇಣು ಉಳಿಯಿತಲ್ಲ ಅಂತ ಅಂದುಕೊಂಡೆ.

ಆಷಾಢದಲ್ಲಿ ಹಡಗಿನವರು ಗೂಡ್ಸ್ ಆಟೋ ತಂದರು. ಮೈದುನ ಹೊರಲು ಬಂದ, ನಾನೂ ಹೋದೆ. ಗಾಳಿ ಜೋರಿತ್ತು, ಸೆರಗು ನಿಲ್ಲುತ್ತಿರಲಿಲ್ಲ. ದೋಣಿಯನ್ನು ದಡದಲ್ಲಿ ಕಲ್ಲು ಕೊಟ್ಟು ನಿಲ್ಲಿಸಿದ್ದರು. ಇಬ್ಬರೂ ಕಂಬ ಎತ್ತಿ ಮೇಲಿನ ಅಡ್ಡಹಲಗೆಯ ತೂತಿನಿಂದ ಇಳಿಸಿದರು. ಬುಡ ತಳದ ಕುಳಿಯ ಬಾಯಿಗೆ ಬಂದು ನಿಂತುಬಿಟ್ಟಿತು. ಹಿಂದಿನ ವರ್ಷ ಸೀಳಿದ ಹಲಗೆಯನ್ನು ತೆಗೆದು ಹಡಗಿನವರು ಹೊಸದು ಹಾಕಿದ್ದರು. ಅದರ ಕುಳಿಯನ್ನು ಸ್ವಲ್ಪ ಚಿಕ್ಕದು ಮಾಡಿದ್ದರು.

ಕಂಬವನ್ನು ಮತ್ತೆ ಹೊರಗೆ ತೆಗೆದು ಮಲಗಿಸಿದರು. ಹಡಗಿನವರು ಉಳಿ, ಮರದ ಕೊಡತಿ ಹಿಡಿದು ಬುಡದ ಹತ್ತಿರ ಕೂತರು. "ಒಂದು ನೂಲಷ್ಟು ಕೆತ್ತಿದ್ರೆ ಸಾಕು. ಹೆಂಗೂ ಇಲ್ಲಿ ಒರಟಾಗೇ ಇದೆ," ಅಂದರು.

ಅವರು ಹೇಳಿದ್ದು ಸರಿ. ಬಡಗಿಯಾದವನು ಕುಳಿಯನ್ನು ಮುಟ್ಟುವುದಿಲ್ಲ, ಅದಕ್ಕೆ ಕೂರುವುದನ್ನು ಸವರುತ್ತಾನೆ. ಕುಳಿ ಒಂದು ಸಲ ದೊಡ್ಡದಾಯಿತು ಅಂದರೆ ಮತ್ತೆ ಚಿಕ್ಕದಾಗುವುದಿಲ್ಲ. ತಾತನಾದರೂ ಹಾಗೇ ಮಾಡುತ್ತಿದ್ದರು. ಹಡಗಿನವರು ಉಳಿಯನ್ನು ಗುರುತಿನ ಮೇಲೆ ಇಟ್ಟು ಕೊಡತಿ ಎತ್ತಿದರು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ.

"ಅಣ್ಣಾ, ಬುಡ ಮುಟ್ಟಬೇಡಿ."

ಗಾಳಿಯಲ್ಲಿ ಕೇಳಿಸಿತೋ ಇಲ್ಲವೋ ಅಂದುಕೊಂಡೆ. ಕೇಳಿಸಿತ್ತು. ಕೊಡತಿ ಹಾಗೇ ನಿಂತಿತು.

"ಕುಳಿ ದೊಡ್ಡದು ಮಾಡಣ," ಅಂದೆ.

ಮೈದುನ ನಕ್ಕ. "ಏನತ್ತಿಗೆ, ಬಡಗಿ ಮನೆಯವರಾಗಿ ಹಿಂಗಂತೀರ? ಸಡಿಲ ಆದ್ರೆ ಕಂಬ ಅಲ್ಲಾಡುತ್ತೆ. ಅಣ್ಣ ಇದ್ದಿದ್ರೆ ಬೈತಿದ್ದ."

"ಬೈತಿದ್ರು," ಅಂದೆ. "ಉಳಿ ಇಲ್ಲಿ ಕೊಡಿ."

ಹಡಗಿನವರು ನನ್ನ ಮುಖ ನೋಡಿ ಉಳಿಯನ್ನು ಹಿಡಿ ಮುಂದೆ ಮಾಡಿ ಕೊಟ್ಟರು. ನಾನು ದೋಣಿಯೊಳಗೆ ಹತ್ತಿ, ಸೆರಗು ಸಿಕ್ಕಿಸಿಕೊಂಡು ತಳದಲ್ಲಿ ಕೂತೆ. ನಾಲ್ಕು ಗೋಡೆಗಳಿಂದಲೂ ಎಳೆ ಎಳೆಯಾಗಿ ತೆಗೆಯುತ್ತಾ, ಬುಡದ ಅಳತೆಯ ಕಡ್ಡಿ ಇಳಿಸಿ ನೋಡುತ್ತಾ ಹೋದೆ. ಒಂದು ಗಂಟೆಯ ಹತ್ತಿರ ಆಗಿರಬೇಕು. ದಡದ ಮೇಲೆ ಅವರಿಬ್ಬರೂ ಕೂತು ಮಳೆಯ ವಿಷಯ, ರೇಷ್ಮೆ ಗೂಡಿನ ರೇಟಿನ ವಿಷಯ ಮಾತಾಡುತ್ತಿದ್ದರು. ಯಾಕೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ನನಗೆ ಬರುತ್ತಿರಲಿಲ್ಲ.

ಈ ಸಲ ಕಂಬ ಇಳಿದು ಬಿಗಿಯಾಗಿ ಕೂತಿತು. ಮೈದುನ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ, ಕಂಬ ಕದಲಲಿಲ್ಲ. ಬುಡದ ಗೇಣು ಒಳಗೆ ಹೋಗಿಬಿಟ್ಟಿತು.

ಹಡಗಿನವರು ನೀವೂ ಬನ್ನಿ ಅಮ್ಮ ಅಂದರು, ನಾನು ಒಲ್ಲೆ ಅಂದೆ. ಅವರೊಬ್ಬರೇ ಹೋದರು. ಅಡ್ಡಮರ ಮೇಲೇರಿತು, ಒಂಬತ್ತು ಮಣಿಗಳೂ ಉರುಳಿದವು, ಬಿಳಿ ಹಾಯಿ ಗಾಳಿ ತುಂಬಿಕೊಂಡಿತು. ಕೆರೆಯ ನಡುವೆ ಒಂದು ಜೋರು ಗಾಳಿ ಬೀಸಿ ದೋಣಿ ಪೂರ್ತಿ ಒಂದು ಕಡೆಗೆ ವಾಲಿತು. ವಾಲಿದ್ದು ಎದ್ದಿತು. ಮತ್ತೆ ವಾಲಿತು, ಮತ್ತೆ ಎದ್ದಿತು. ಮೈದುನ ಪರವಾಗಿಲ್ಲ ಅಂದ. ನೋಡಬೇಕಾದವರು ನೋಡಲಿಲ್ಲ ಅನ್ನುವುದೊಂದು ಬಿಟ್ಟರೆ ನನಗೂ ಪರವಾಗಿರಲಿಲ್ಲ.

ಮನೆಗೆ ಬಂದಾಗ ಶೆಡ್ಡಿನಲ್ಲಿ ಈ ಎರಡು ಸ್ಟ್ಯಾಂಡುಗಳು ಮಾತ್ರ ಇದ್ದವು. ಈಗಲೂ ಮಧ್ಯಾಹ್ನ ಅಲ್ಲಿಗೇ ಹೋಗುತ್ತೇನೆ. ಪಕ್ಕದಲ್ಲಿ ಕೂರಲು ಏನೂ ಇಲ್ಲ. ಕೊಡಬಾರದಿತ್ತೇನೋ ಅಂತ ಕೆಲವು ದಿನ ಅನ್ನಿಸುತ್ತದೆ, ಕೆಲವು ದಿನ ಅನ್ನಿಸುವುದಿಲ್ಲ.

ದಸರಾ ರಜೆಗೆ ಬಂದಾಗ ಕೆರೆಯ ಹತ್ತಿರ ಹೋಗಿ. ದೋಣಿ ಹೊಂಗೆ ಮರದ ಕೆಳಗೆ ಮಗುಚಿರುತ್ತದೆ, ಕಂಬವನ್ನು ಹಡಗಿನವರು ತಮ್ಮ ವರಾಂಡದಲ್ಲಿ ಮಲಗಿಸಿರುತ್ತಾರೆ. ಮೇಲಿನ ನುಣುಪೆಲ್ಲ ನನ್ನದು, ಅದನ್ನು ನೋಡದಿದ್ದರೂ ಆಗುತ್ತದೆ. ಕೆಮ್ಮಣ್ಣಿನ ಬೊಟ್ಟು ಇರುವ ಕಡೆ ಕೂತು, ಆ ಒಂದು ಗೇಣಿನ ಮೇಲೆ ಬೆರಳಿಟ್ಟು ಎಡಕ್ಕೆ ನಿಧಾನವಾಗಿ ಸವರಿ. ನೂಲಿನಂಥದ್ದೊಂದು ತಗುಲುತ್ತದೆ. ಯಾರಾದರೂ ಇಲ್ಲಿ ಕೆಲಸ ಅರ್ಧಕ್ಕೇ ಬಿಟ್ಟಿದ್ದಾರೆ, ಉಜ್ಜಿಬಿಡಣ ಅಂದರೆ, ಬೇಡ ಅಂತ ಬಾಯಿ ಬಿಟ್ಟು ಹೇಳಿ.